ಸಾಕ್ಷ್ಯಚಿತ್ರ ಕಲಿಯಲು ಮಂಡಕ್ಕಿ ಭಟ್ಟಿಗೆ ಹೋಗಿ

ಟಿವಿಗೆ ವರ್ಷಗಟ್ಟಲೆ ಸಾಕ್ಷ್ಯಚಿತ್ರ ಮಾಡಿದ ನಿರ್ಮಾಪಕರು ಮೇಷ್ಟ್ರಾದಾಗ ಮೊದಲು ಕಲಿಸಬೇಕಾದ್ದು ಕ್ಯಾಮೆರಾ ಅಲ್ಲ. ನಿರ್ಮಾಪಕರ ದುಡಿಮೆಯ ಬಹುಪಾಲು ಶೂಟಿಂಗ್‌ಗೆ ಮುಂಚೆ ಮತ್ತು ಆಮೇಲೆ ನಡೆಯುತ್ತದೆ. ಭಾರತದ ಟಿವಿಗೆ ಪಾಠ ಹೇಳುವುದು ಮೊದಲಿನಿಂದಲೂ ಅಂಟಿಕೊಂಡ ಕೆಲಸ. 1975-76ರ ‘ಸೈಟ್’ ಪ್ರಯೋಗ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮ ಮುಟ್ಟಿಸಿತು. ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳೂ ಅದರಲ್ಲಿದ್ದವು. 1984ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಪಾಠಗಳು ದೂರದರ್ಶನದಲ್ಲಿ ಬರತೊಡಗಿದವು. ಆ ಪರಂಪರೆಯ ಅನುಭವ ಜಿಲ್ಲೆಯ ಕಾಲೇಜುಗಳಿಗೂ ಇಳಿಯಬೇಕು.

ದಾವಣಗೆರೆಯಲ್ಲಿ ಅದಕ್ಕೆ ಮಂಡಕ್ಕಿ ಭಟ್ಟಿಗಿಂತ ಒಳ್ಳೆಯ ತರಗತಿ ಇಲ್ಲ. ಬೆಂಕಿ, ಹೊಗೆ, ಕತ್ತಲು, ಸದ್ದು, ದುಡಿಯುವ ಜನ, ಆರಂಭದಿಂದ ಅಂತ್ಯದವರೆಗೆ ಸಾಗುವ ಒಂದು ಪ್ರಕ್ರಿಯೆ, ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ.

ಮೊದಲ ಭೇಟಿ ಬರಿಗೈಯಲ್ಲಿ. ಒಂದು ನೋಟ್‌ಬುಕ್ ಸಾಕು. ಭತ್ತ ನೆನೆಸುವುದು, ಬೇಯಿಸುವುದು, ಒಣಗಿಸುವುದು, ಮಿಲ್ ಮಾಡಿಸುವುದು, ಅಕ್ಕಿಗೆ ಉಪ್ಪುನೀರು ಹಾಕಿ ಹದವಾಗಿ ಬಿಸಿ ಮಾಡುವುದು, ಕಾದ ಮರಳಿಗೆ ಸುರಿಯುವುದು, ಜರಡಿ ಹಿಡಿಯುವುದು. ಈ ಕ್ರಮದಲ್ಲಿ ಯಾವುದು ಎಷ್ಟು ಹೊತ್ತಿಗೆ, ಯಾರ ಕೈಯಲ್ಲಿ ನಡೆಯುತ್ತದೆ ಎಂದು ಬರೆದುಕೊಳ್ಳಬೇಕು. ಅಕ್ಕಿ ಮರಳಿಗೆ ಬಿದ್ದ ಕೆಲವೇ ಸೆಕೆಂಡುಗಳಲ್ಲಿ ಅರಳುತ್ತದೆ. ಅದು ಗೊತ್ತಿಲ್ಲದೆ ಹೋದವರು ಫೋಕಸ್ ಹುಡುಕುತ್ತಿರುವಾಗಲೇ ಆ ಸರದಿ ಮುಗಿದಿರುತ್ತದೆ. ಮೊದಲ ಸರದಿಯಲ್ಲಿ ಕೈ, ಎರಡನೆಯದರಲ್ಲಿ ಮುಖ, ಮೂರನೆಯದರಲ್ಲಿ ಇಡೀ ಭಟ್ಟಿ ಎಂದು ಮೊದಲೇ ಹಂಚಿಕೊಂಡರೆ ಮೂರೂ ಎಡಿಟಿಂಗ್‌ನಲ್ಲಿ ಹೊಂದುತ್ತವೆ. ಮಾಲೀಕರ ಒಪ್ಪಿಗೆ ಪಡೆದರಷ್ಟೇ ಸಾಲದು. ದುಡಿಯುವವರನ್ನು ಬೇರೆಯಾಗಿ ಕೇಳಬೇಕು, ಚಿತ್ರ ಎಲ್ಲಿ ತೋರಿಸುತ್ತೀರಿ ಎಂದು ಹೇಳಬೇಕು. ಮಾಲೀಕರ ಎದುರು ಕೊಟ್ಟ ‘ಹೂಂ’ ಒಪ್ಪಿಗೆಯಲ್ಲ.

ಬೆಳಕಿನ ವಿಷಯದಲ್ಲಿ ಆಟೋ ಎಂಬುದನ್ನೆಲ್ಲ ಆರಿಸಿ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: ಬೆಂಕಿಯ ಬಣ್ಣ ಸುಮಾರು 2000 ಕೆಲ್ವಿನ್, ಬಾಗಿಲಿಂದ ಬರುವ ಹಗಲು 5600ರ ಆಸುಪಾಸು. ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಎರಡರ ನಡುವೆ ತೂಗಾಡಿ ಒಂದೇ ಶಾಟ್‌ನಲ್ಲಿ ಗೋಡೆಯ ಬಣ್ಣ ಬದಲಾಯಿಸುತ್ತದೆ. 4500ಕ್ಕೆ ಕಟ್ಟಿಹಾಕಿದರೆ ಬೆಂಕಿ ಕೆಂಪಾಗಿಯೇ ಉಳಿಯುತ್ತದೆ. ಎಕ್ಸ್‌ಪೋಷರ್ ಅನ್ನು ಮಂಡಕ್ಕಿಯ ಬಿಳುಪಿಗೆ ಹೊಂದಿಸಿ. ಬಿಳಿ ಸುಟ್ಟುಹೋದರೆ ಮರಳಿ ಬರುವುದಿಲ್ಲ, ಮೂಲೆ ಕತ್ತಲಾದರೆ ನಷ್ಟವಿಲ್ಲ. ಸೆಕೆಂಡಿಗೆ 25 ಫ್ರೇಮಿಗೆ ಶಟರ್ 1/50 ಸೆಕೆಂಡ್ ಇರಲಿ. ನಮ್ಮ ವಿದ್ಯುತ್ 50 ಹರ್ಟ್ಜ್ ಆದ್ದರಿಂದ 1/60 ಇಟ್ಟರೆ ಟ್ಯೂಬ್‌ಲೈಟ್ ಮಿನುಗುತ್ತದೆ. ಬೂದಿ ಹಾರುವಲ್ಲಿ ಲೆನ್ಸ್ ಬದಲಿಸಬೇಡಿ.

ಸದ್ದಿಗೆ ಮಾತ್ರ ಹೆಚ್ಚು ಸಮಯ ಕೊಡಬೇಕು. ಚಿತ್ರ ಸ್ವಲ್ಪ ಅಲುಗಿದರೆ ನೋಡುಗರು ಸಹಿಸುತ್ತಾರೆ, ಮಾತು ಕೇಳದಿದ್ದರೆ ಚಾನೆಲ್ ಬದಲಿಸುತ್ತಾರೆ. ಸದ್ದಿನ ಮಟ್ಟವನ್ನು ತಾನೇ ಏರಿಳಿಸುವ ಆಟೋ ಗೇನ್‌ಗೆ ಬಿಟ್ಟರೆ ಮಾತನಾಡುವವರು ಉಸಿರೆಳೆದಾಗೆಲ್ಲ ಬೆಂಕಿಯ ಮೊರೆತ ಮೇಲೇಳುತ್ತದೆ. ಕೈಯಿಂದಲೇ ಹೊಂದಿಸಿ, ಮಾತಿನ ಏರು ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಸುತ್ತ ಇರಲಿ. ಕಾಲರ್ ಮೈಕ್ ಗಲ್ಲದಿಂದ ಒಂದು ಗೇಣು ಕೆಳಗೆ, ಬಟ್ಟೆಯ ಹೊರಗಡೆ; ಒಳಗೆ ಸಿಕ್ಕಿಸಿದರೆ ಬೆವರಿಗೆ ಟೇಪ್ ಬಿಟ್ಟುಕೊಂಡು ಬಟ್ಟೆಯ ಸರಸರ ಸದ್ದು ಮಾತಿನ ಮೇಲೆ ಕೂರುತ್ತದೆ. ದೀರ್ಘ ಸಂದರ್ಶನವನ್ನು ಬಿಡುವಿನಲ್ಲಿ, ಒಲೆಯಿಂದ ದೂರ ಮಾಡಿ. ಹೊರಡುವ ಮುಂಚೆ ಯಾರೂ ಮಾತನಾಡದೆ ಅಲ್ಲಿನ ಸದ್ದನ್ನೇ ಒಂದು ನಿಮಿಷ ಹಿಡಿಯಿರಿ. ಎಡಿಟಿಂಗ್‌ನಲ್ಲಿ ಎರಡು ಮಾತು ಜೋಡಿಸಿದ ಕಡೆ ಮುಚ್ಚುವುದು ಅದೇ.

ಪ್ರಶ್ನೆಗಳು ಚಿತ್ರದಲ್ಲಿ ಉಳಿಯುವುದಿಲ್ಲ, ಹಾಗಾಗಿ ‘ಹೌದು’ ಎಂಬ ಉತ್ತರಕ್ಕೆ ಬೆಲೆಯಿಲ್ಲ. ‘ಕೆಲಸ ಕಷ್ಟವಾ?’ ಅನ್ನುವ ಬದಲು ‘ಮರಳು ಕಾದಿದೆ ಅಂತ ಹೆಂಗ್ ಗೊತ್ತಾಗುತ್ತೆ?’ ಎಂದು ಕೇಳಿ. ಕಸುಬಿನ ಪ್ರಶ್ನೆಗೆ ಜನ ಹೆಮ್ಮೆಯಿಂದ ಉತ್ತರಿಸುತ್ತಾರೆ. ಕನ್ನಡ-ಉರ್ದು ಬೆರೆತ ಮಾತು ಬಂದರೆ ಹಾಗೇ ಇರಲಿ. ಬೇಕಾದರೆ ಸಬ್‌ಟೈಟಲ್ ಹಾಕಿ, ಪುಸ್ತಕದ ಕನ್ನಡದಲ್ಲಿ ಮತ್ತೆ ಹೇಳಿಸಬೇಡಿ.

ಸೆಕೆಂಡಿಗೆ 50 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದರೆ ಕಾರ್ಡಿನಲ್ಲಿ ಒಂದು ಗಂಟೆಗೆ ಸುಮಾರು 22.5 ಜಿಬಿ ತುಂಬುತ್ತದೆ. ಎಂಟು ಗಂಟೆ ಶೂಟ್ ಮಾಡಿದರೆ 180 ಜಿಬಿ. ಅದಕ್ಕೆ ಎರಡು ಪ್ರತಿ ಬೇರೆ ಬೇರೆ ಡಿಸ್ಕ್‌ನಲ್ಲಿ ಆಗಿ, ತೆರೆದು ನೋಡಿದ ಮೇಲೆಯೇ ಕಾರ್ಡ್ ಅಳಿಸಬೇಕು. ನಂತರದ ಕೆಲಸವನ್ನು ವಿದ್ಯಾರ್ಥಿಗಳು ತಪ್ಪಿಸಿಕೊಳ್ಳುತ್ತಾರೆ, ಆದರೆ ಇಡೀ ವೃತ್ತಿ ನಿಂತಿರುವುದೇ ಅದರ ಮೇಲೆ: ಪ್ರತಿ ಮಾತನ್ನೂ ಟೈಮ್‌ಕೋಡ್ (ರೆಕಾರ್ಡಿಂಗ್‌ನಲ್ಲಿ ಅದು ಬರುವ ಸಮಯ) ಸಮೇತ ಕಾಗದಕ್ಕೆ ಇಳಿಸಿ, ಕತ್ತರಿಸಿ, ಮೇಜಿನ ಮೇಲೆ ಹರಡಿ ಕ್ರಮ ಕಟ್ಟುವುದು. ಕಾಗದದ ಮೇಲೆ ನಿಲ್ಲದ ಕಥೆ ಕಂಪ್ಯೂಟರಿನಲ್ಲೂ ನಿಲ್ಲುವುದಿಲ್ಲ. ನಿರೂಪಣೆ ಬರೆಯುವುದು ಕಟ್ಟಕಡೆಗೆ. ಅದು ಎಷ್ಟು ಹೊತ್ತಿನದು ಎಂದು ತಿಳಿಯಲು ಪದ ಎಣಿಸದೆ ಗಟ್ಟಿಯಾಗಿ ಓದಿ, ಗಡಿಯಾರ ಹಿಡಿಯಿರಿ. ಕನ್ನಡದ ಸಮಾಸಪದಗಳಿಂದಾಗಿ ಪದಗಳ ಲೆಕ್ಕ ತಪ್ಪುತ್ತದೆ. ಪರದೆಯಲ್ಲಿ ಕಾಣುತ್ತಿರುವುದನ್ನೇ ಹೇಳುವ ಸಾಲನ್ನು ಹೊಡೆದುಹಾಕಿ.

ಇಷ್ಟು ಪಳಗಿದ ಮೇಲೆ ಎರಡನೇ ಪಾಠಕ್ಕೆ ಚಿತ್ರದುರ್ಗದ ಕೋಟೆ. ಅದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ; ಟ್ರೈಪಾಡ್‌ಗೂ ಡ್ರೋನ್‌ಗೂ ಮುಂಚಿತವಾಗಿ ಅನುಮತಿ ಬೇಕು, ಅರ್ಜಿಯ ಕಾಲವನ್ನು ವೇಳಾಪಟ್ಟಿಯಲ್ಲೇ ಸೇರಿಸಿ. ಸುತ್ತಲಿನ ಗುಡ್ಡಗಳಲ್ಲಿ ಗಾಳಿಯಂತ್ರ ನೆಟ್ಟಿರುವ ಊರು ಅದು. ಮೈಕ್‌ಗೆ ಬರೀ ಸ್ಪಂಜಿನ ಟೋಪಿ ಸಾಲದು, ತುಪ್ಪಳದ ಕವಚ ಹಾಕಿ, 80 ಹರ್ಟ್ಜ್ ಕೆಳಗಿನ ಸದ್ದನ್ನು ಕತ್ತರಿಸುವ ಸ್ವಿಚ್ ಒತ್ತಿ.