ರಿಪೋರ್ಟ್ ಬರೆಯುವ ಮೊದಲು ಎಲೆಕ್ಟ್ರೋಡ್ ಅಂಟಿಸಿ

ಮೆದುಳು, ನರ, ಸ್ನಾಯುಗಳ ವಿದ್ಯುತ್ ಸಂಕೇತ ಅಳೆದು ರೋಗ ಗುರುತಿಸುವ ಕ್ಲಿನಿಕಲ್ ನ್ಯೂರೋಫಿಸಿಯಾಲಜಿಯಲ್ಲಿ ಸ್ನಾತಕೋತ್ತರ ಓದಿಗೆ ಬರುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರ ಇರುತ್ತದೆ. ಪರದೆಯ ಮುಂದೆ ಕೂರುವುದು, ಅಲೆಗಳನ್ನು ನೋಡುವುದು, ರೋಗ ಹೇಳುವುದು. ಪುಸ್ತಕಗಳೂ ಅದನ್ನೇ ನಂಬಿಸುತ್ತವೆ. ಪುಟಕ್ಕೊಂದು ಚೊಕ್ಕ ಟ್ರೇಸಿಂಗ್, ಬಾಣದ ಗುರುತು, ಅಡಿಯಲ್ಲಿ ಕಾಯಿಲೆಯ ಹೆಸರು. ಲ್ಯಾಬಿನಲ್ಲಿ ಬಾಣ ಹಾಕಿಕೊಡುವವರು ಯಾರೂ ಇಲ್ಲ.

ನನ್ನ ಮಟ್ಟಿಗೆ ಈ ಓದಿನಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಟೆಕ್ನಿಷಿಯನ್ ಪಕ್ಕದಲ್ಲಿ ನಿಂತು ಕಳೆದ ಸಮಯ. ಆಗ ಅದು ಶಿಕ್ಷೆಯಂತೆ ಕಂಡಿತ್ತು, ನಿಜ. ಜೊತೆಯವರು ಸೆಮಿನಾರ್ ತಯಾರಿ ಮಾಡಿಕೊಳ್ಳುತ್ತಿದ್ದರೆ ನಾನು ಟೇಪ್ ಹಿಡಿದು ರೋಗಿಗಳ ತಲೆ ಅಳೆಯುತ್ತಿದ್ದೆ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಒಂದು ಕಿವಿಯ ಮುಂಭಾಗದಿಂದ ಇನ್ನೊಂದರವರೆಗೆ. ಆ ಅಳತೆಯ ಶೇಕಡಾ 10 ಮತ್ತು 20ರ ದೂರಗಳಲ್ಲಿ ಗುರುತು. ಎಡಕ್ಕೆ ಬೆಸ ಸಂಖ್ಯೆ, ಬಲಕ್ಕೆ ಸಮ ಸಂಖ್ಯೆ. 1958ರಲ್ಲಿ ಹರ್ಬರ್ಟ್ ಜಾಸ್ಪರ್ ಪ್ರಕಟಿಸಿದ ಈ ಪದ್ಧತಿಯೇ ಇಂದಿಗೂ ಇಇಜಿಯ, ಅಂದರೆ ತಲೆಯ ಮೇಲಿಂದ ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆಯ, ಅಡಿಪಾಯ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡುವುದು ಐದು ನಿಮಿಷದ ಕೆಲಸ. ಆದರೆ ಎಡಗಡೆಯ ಎರಡು ಎಲೆಕ್ಟ್ರೋಡ್‌ಗಳು ಒಂದಕ್ಕೊಂದು ಹತ್ತಿರ ಬಂದುಬಿಟ್ಟರೆ ಆ ಬದಿಯ ಅಲೆಗಳು ಕುಗ್ಗಿ ಕಾಣುತ್ತವೆ. ರಿಪೋರ್ಟ್ ಬರೆಯುವವರು ‘ಎಡ ಮೆದುಳಿನಲ್ಲಿ ವೋಲ್ಟೇಜ್ ಕಡಿಮೆ’ ಎಂದು ಬರೆದು, ಸ್ಕ್ಯಾನ್‌ಗೂ ಶಿಫಾರಸು ಮಾಡುತ್ತಾರೆ. ತಪ್ಪು ಮೆದುಳಿನದಲ್ಲ, ಟೇಪಿನದು. ಕೈಯಾರೆ ಅಂಟಿಸಿದವರಿಗೆ ಈ ಅನುಮಾನ ತಾನಾಗಿಯೇ ಬರುತ್ತದೆ.

ಕಣ್ಣು ಮಿಟುಕಿಸುವುದನ್ನೇ ನೋಡಿ. ಕಣ್ಣಿನ ಮುಂಭಾಗ ಹಿಂಭಾಗಕ್ಕಿಂತ ಧನಾತ್ಮಕ. ರೆಪ್ಪೆ ಮುಚ್ಚಿದಾಗ ಕಣ್ಣುಗುಡ್ಡೆ ಮೇಲಕ್ಕೆ ತಿರುಗುತ್ತದೆ, ಹಣೆಯ ಎಲೆಕ್ಟ್ರೋಡ್‌ಗಳಲ್ಲಿ ಗೆರೆ ಕೆಳಗಿಳಿಯುತ್ತದೆ. ಇಇಜಿಯಲ್ಲಿ ಋಣ ಮೇಲೆ, ಧನ ಕೆಳಗೆ ಎಂಬ ವಾಡಿಕೆ ಇರುವುದರಿಂದ ಹಾಗೆ. ಪರದೆಯಲ್ಲಷ್ಟೇ ನೋಡುವವರಿಗೆ ಅದು ಮೆದುಳಿನ ಮುಂಭಾಗದ ನಿಧಾನ ಅಲೆಯೆಂಬ ಭ್ರಮೆ ಹುಟ್ಟಿಸಬಲ್ಲದು. ಹಾಸಿಗೆ ಪಕ್ಕ ನಿಂತವರಿಗೆ ಗೊಂದಲವೇ ಇಲ್ಲ, ರೋಗಿ ಕಣ್ಣು ಪಿಳಿಪಿಳಿ ಮಾಡುತ್ತಿದ್ದುದು ಅವರ ಕಣ್ಣೆದುರೇ ಇತ್ತು. ಹಲ್ಲು ಕಡಿದದ್ದು, ನಾಲಿಗೆ ಅಲ್ಲಾಡಿಸಿದ್ದು, ಎಲೆಕ್ಟ್ರೋಡ್ ಕೆಳಗೆ ನಾಡಿ ಬಡಿದದ್ದು, ಎಲ್ಲವೂ ಗೆರೆಯಾಗಿ ಬರುತ್ತದೆ. ಅದಕ್ಕೇ ಟೆಕ್ನಿಷಿಯನ್ ಪುಟದಂಚಿನಲ್ಲಿ ಬರೆದ ಚಿಕ್ಕ ಟಿಪ್ಪಣಿಗಳನ್ನು ನಾನು ಅಲೆಗಳಿಗಿಂತ ಮೊದಲು ಓದುತ್ತೇನೆ.

ಈ ಅನುಮಾನಕ್ಕೆ ದೊಡ್ಡ ಪರಂಪರೆಯೇ ಇದೆ. ಹಾನ್ಸ್ ಬರ್ಗರ್ ಮನುಷ್ಯನ ಇಇಜಿಯನ್ನು ಮೊದಲು ದಾಖಲಿಸಿದ್ದು 1924ರಲ್ಲಿ, ಪ್ರಕಟಿಸಿದ್ದು 1929ರಲ್ಲಿ. ನಡುವಿನ ವರ್ಷಗಳಲ್ಲಿ ಅವರನ್ನು ಕಾಡಿದ್ದು ಇದೇ ಪ್ರಶ್ನೆ: ಇದು ನಿಜವಾಗಿ ಮೆದುಳಿನದ್ದೋ, ರಕ್ತನಾಳದ ಬಡಿತವೋ, ಚರ್ಮದ್ದೋ? ಇವತ್ತು ಯಂತ್ರ ಚುರುಕಾಗಿದೆ, ಪ್ರಶ್ನೆ ಬದಲಾಗಿಲ್ಲ.

ಹೊಸಬರಲ್ಲಿ ನಾನು ಹೆಚ್ಚಾಗಿ ಕಾಣುವುದು ಇಲ್ಲದ್ದನ್ನು ಕಾಣುವ ಅವಸರ. ಏನಾದರೂ ಕಂಡುಹಿಡಿಯದಿದ್ದರೆ ಓದು ವ್ಯರ್ಥ ಎಂಬ ಭಾವನೆ ಇರಬೇಕು. ತೂಕಡಿಕೆಯಲ್ಲಿ ಕಿವಿಯ ಮೇಲ್ಭಾಗದಲ್ಲಿ ಬರುವ ಚೂಪಾದ ವಿಕೆಟ್ ಅಲೆಗಳು ನಿರುಪದ್ರವಿ. ಅವನ್ನೇ ಅಪಸ್ಮಾರದ ಸ್ಪೈಕ್ ಎಂದು ಬರೆದುಬಿಟ್ಟರೆ ಆ ಮನುಷ್ಯ ವರ್ಷಗಟ್ಟಲೆ ಮಾತ್ರೆ ನುಂಗುತ್ತಾನೆ, ವಾಹನ ಓಡಿಸುವುದಕ್ಕೂ ಕುತ್ತು ಬರುತ್ತದೆ. ಒಮ್ಮೆ ಅಂಟಿದ ಹಣೆಪಟ್ಟಿ ಕೀಳುವುದು ಸುಲಭವಲ್ಲ. ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟು: ಆ ಚೂಪು ಅಲೆಯ ಬೆನ್ನಿಗೆ ನಿಧಾನ ಅಲೆ ಬಂತೇ? ಅದು ಹಿನ್ನೆಲೆಯ ಲಯವನ್ನು ಕದಡಿತೇ? ಅಕ್ಕಪಕ್ಕದ ಎಲೆಕ್ಟ್ರೋಡ್‌ಗಳಲ್ಲೂ ನಂಬುವಂತೆ ಹರಡಿದೆಯೇ? ಮಾಂಟಾಜ್ (ಯಾವ ಎಲೆಕ್ಟ್ರೋಡನ್ನು ಯಾವುದಕ್ಕೆ ಹೋಲಿಸಬೇಕೆಂಬ ಜೋಡಣೆ) ಬದಲಿಸಿದರೂ ಉಳಿಯುತ್ತದೆಯೇ? ಇದರ ಇನ್ನೊಂದು ಮಗ್ಗುಲೂ ಇದೆ. ಅಪಸ್ಮಾರ ಇರುವವರಲ್ಲೂ ಒಂದು ಇಇಜಿ ಪೂರ್ತಿ ಸಹಜವಾಗಿರುವುದು ಮಾಮೂಲು. ‘ಇಇಜಿ ನಾರ್ಮಲ್, ಆದ್ದರಿಂದ ಫಿಟ್ಸ್ ಅಲ್ಲ’ ಎಂಬ ವಾಕ್ಯ ನಮ್ಮ ಲ್ಯಾಬಿನಿಂದ ಹೊರಗೆ ಹೋಗಬಾರದು.

ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಸಂಕೇತದ ವೇಗ ಅಳೆಯುವ ವಹನ ಪರೀಕ್ಷೆಗೆ ಬಂದರೆ ಪಾಠ ಇನ್ನೂ ಒರಟು. ಹಿರಿಯ ಟೆಕ್ನಿಷಿಯನ್ ಒಬ್ಬರು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತಿದ್ದುದು ಒಂದೇ ಮಾತು: “ಡಾಕ್ಟ್ರೇ, ಮೊದಲು ಕೈ ಮುಟ್ಟಿ ನೋಡಿ.” ತಣ್ಣಗಿನ ಕೈಯಲ್ಲಿ ನರದ ವೇಗ ಇಳಿಯುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 2 ಮೀಟರ್. ಕೈಯ ಚರ್ಮ 32 ಡಿಗ್ರಿಗಿಂತ ಕೆಳಗಿದ್ದರೆ ಬೆಚ್ಚಗೆ ಮಾಡಿ ಮತ್ತೆ ಅಳೆಯಬೇಕು. ಅಳೆದೇಬಿಟ್ಟಿದ್ದರೆ ಸುಳಿವೊಂದಿದೆ: ನಿಧಾನವಾಗಿದ್ದರೂ ಅಲೆ ಮಾತ್ರ ಎತ್ತರವಾಗಿ, ಅಗಲವಾಗಿ ಕಾಣುತ್ತದೆ. ಹಾನಿಗೊಂಡ ನರದಲ್ಲಿ ಅಲೆ ಅಷ್ಟು ದಷ್ಟಪುಷ್ಟವಾಗಿರುವುದು ಅಪರೂಪ. ಬಿಸಿನೀರಿನಲ್ಲಿ ಕೈ ಅದ್ದಿಸಿದ್ದಕ್ಕೇ ವಾಸಿಯಾದ ‘ನರರೋಗ’ಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಅಳತೆಯ ವಿಷಯದಲ್ಲೂ ಹೀಗೆಯೇ. ಮೊಣಕೈ ಸುತ್ತ, ಕಿರುಬೆರಳಿನತ್ತ ಹೋಗುವ ಅಲ್ನರ್ ನರದ 10 ಸೆಂಟಿಮೀಟರ್ ತುಂಡನ್ನು ಪರೀಕ್ಷಿಸುತ್ತಿದ್ದೀರಿ, ವೇಗ ಸೆಕೆಂಡಿಗೆ 50 ಮೀಟರ್ ಎಂದುಕೊಳ್ಳಿ. ಟೇಪ್ ಒಂದು ಸೆಂಟಿಮೀಟರ್ ಕಡಿಮೆ ತೋರಿಸಿದರೆ ವೇಗ 45ಕ್ಕೆ ಇಳಿಯುತ್ತದೆ. ಕೈ ನೇರವಾಗಿ ಚಾಚಿದ್ದರೆ ನರ ಒಳಗೆ ಸಡಿಲವಾಗಿ ಮಡಚಿಕೊಂಡಿರುತ್ತದೆ. ಚರ್ಮದ ಮೇಲಿನ ಅಳತೆ ನರದ ನಿಜ ಉದ್ದಕ್ಕಿಂತ ಕಡಿಮೆ ಬರುತ್ತದೆ. ಅದಕ್ಕೇ ಮೊಣಕೈ ಮಡಿಸಿ ಅಳೆಯುವುದು. ಇದನ್ನು ಮೌಖಿಕ ಪರೀಕ್ಷೆಯಲ್ಲಿ ಕೇಳಿದರೆ ಎಲ್ಲರೂ ಹೇಳುತ್ತಾರೆ, ಮಾಡುವಾಗ ನೆನಪಿರಬೇಕು.

ದಿನಾಂಕವನ್ನೂ ಕೇಳಿ. ಗಾಯವಾಗಿ ಎರಡು ದಿನಕ್ಕೆ ಕಳಿಸಿದರೆ, ನರ ಪೂರ್ತಿ ತುಂಡಾಗಿದ್ದರೂ ಗಾಯದ ಕೆಳಗಿನ ಭಾಗ ಪ್ರಚೋದನೆಗೆ ಚೆನ್ನಾಗಿಯೇ ಸ್ಪಂದಿಸುತ್ತದೆ. ಸ್ನಾಯುವಿನ ಪ್ರತಿಕ್ರಿಯೆ ಆರಲು ವಾರ ಬೇಕು, ಸಂವೇದನಾ ಪ್ರತಿಕ್ರಿಯೆಗೆ ಇನ್ನೂ ಕೆಲವು ದಿನ. ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿಯಲ್ಲಿ ಫಿಬ್ರಿಲೇಷನ್ (ನರ ಕಳೆದುಕೊಂಡ ಸ್ನಾಯುನಾರುಗಳು ತಾವಾಗಿ ಮಿಡಿಯುವುದು) ಕಾಣಲು ಸಾಮಾನ್ಯವಾಗಿ ಎರಡು–ಮೂರು ವಾರ. ಆ ಫಿಬ್ರಿಲೇಷನ್ ಕಣ್ಣಿಗಿಂತ ಕಿವಿಗೆ ಬೇಗ ಸಿಗುತ್ತದೆ: ತಗಡಿನ ಮಾಡಿನ ಮೇಲೆ ಹನಿ ಬೀಳುವ ಸದ್ದು. ಅದಕ್ಕೆ ಸ್ಪೀಕರ್ ಆಫ್ ಮಾಡಿ ಕೆಲಸ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸ್ನಾಯು ಸಡಿಲವಾಗದಿದ್ದರೆ ಆ ಸದ್ದೂ ಕೇಳುವುದಿಲ್ಲ. “ಸಡಿಲ ಬಿಡಿ, ಸಡಿಲ ಬಿಡಿ” ಎಂದು ಹತ್ತು ಸಲ ಹೇಳಿದಷ್ಟೂ ರೋಗಿ ಬಿಗಿಯಾಗುತ್ತಾರೆ. ಮೀನಖಂಡದಲ್ಲಿ ಸೂಜಿ ಇದ್ದರೆ ಪಾದವನ್ನು ಮೇಲಕ್ಕೆತ್ತಲು ಹೇಳಿ, ಎದುರು ಸ್ನಾಯು ಕೆಲಸಕ್ಕಿಳಿದ ಕೂಡಲೇ ಇದು ತೆಪ್ಪಗಾಗುತ್ತದೆ.

ಕಳಿಸಿದ ಚೀಟಿಯಲ್ಲಿ ‘ಕೈ ಜೋಮು’ ಎಂದಷ್ಟೇ ಇರುತ್ತದೆ. ಯಾವ ಬೆರಳು, ರಾತ್ರಿ ಎಚ್ಚರವಾಗುತ್ತದೆಯೇ, ಕತ್ತು ನೋಯುತ್ತದೆಯೇ, ನೀವೇ ಕೇಳಬೇಕು. ಉಂಗುರ ಬೆರಳಿನ ಹೆಬ್ಬೆರಳ ಕಡೆಯ ಅರ್ಧ ಮಾತ್ರ ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರದ ಮೇಲೆ ಅನುಮಾನ. ಬೆರಳಿಗೆ ಸ್ಪರ್ಶವೇ ತಿಳಿಯದಿದ್ದರೂ ಸಂವೇದನಾ ಅಲೆ ಸೊಂಪಾಗಿ ಬಂದರೆ ಕತ್ತಿನ ಕಡೆ ನೋಡಿ. ಕತ್ತಿನಲ್ಲಿ ನರದ ಬೇರಿನ ಮೇಲಿನ ಒತ್ತಡ ಸಾಮಾನ್ಯವಾಗಿ ಗ್ಯಾಂಗ್ಲಿಯನ್‌ಗಿಂತ (ಸಂವೇದನಾ ನರಕೋಶಗಳ ಗಂಟು) ಒಳಗಿರುತ್ತದೆ, ಅದರಿಂದ ಹೊರಬಂದ ನಾರುಗಳು ಜೀವಂತವಾಗಿಯೇ ಇರುತ್ತವೆ. ಈ ಒಂದು ತರ್ಕ ಗೊತ್ತಿದ್ದರೆ ಅರ್ಧ ರಿಪೋರ್ಟ್ ಬರೆದಂತೆ.

ಶಸ್ತ್ರಚಿಕಿತ್ಸೆಯ ವೇಳೆಯ ಮಾನಿಟರಿಂಗ್, ಐಸಿಯು ಇಇಜಿ, ನಿದ್ರೆಯ ಅಧ್ಯಯನ ಎಲ್ಲವೂ ಈ ಓದಿನಲ್ಲಿ ಬರುತ್ತವೆ. ಅಲ್ಲಿಯೂ ಜಾಡು ಇದೇ: ಮೋಟಾರ್ ಪ್ರತಿಕ್ರಿಯೆ (ಮೆದುಳನ್ನು ಪ್ರಚೋದಿಸಿದಾಗ ಸ್ನಾಯುವಿನಲ್ಲಿ ಬರುವ ಅಲೆ) ಕುಸಿದರೆ ಶಸ್ತ್ರವೈದ್ಯರ ಕೈಯನ್ನೊಂದೇ ಅಲ್ಲ, ಅರಿವಳಿಕೆಯ ಪ್ರಮಾಣವನ್ನೂ ರಕ್ತದೊತ್ತಡವನ್ನೂ ನೋಡಬೇಕು.

ಪ್ರಬಂಧಕ್ಕೆ ವಿಷಯ ಕೇಳುವವರಿಗೆ ನಾನು ಹೇಳುವುದು ಅಷ್ಟೇನೂ ಆಕರ್ಷಕವಲ್ಲ. ನಿಮ್ಮ ಲ್ಯಾಬಿನ ಸಹಜ ಮೌಲ್ಯಗಳನ್ನು ಮಾಡಿಕೊಳ್ಳಿ. ಆರೋಗ್ಯವಂತರನ್ನು ವಯಸ್ಸು, ಎತ್ತರ ನೋಡಿ ಆರಿಸಿ, ಒಂದೇ ದೂರ, ಒಂದೇ ಉಷ್ಣತೆಯಲ್ಲಿ ಅಳೆಯಿರಿ. ಎತ್ತರದ ಮನುಷ್ಯನ ಎಫ್ ಅಲೆ (ಪ್ರಚೋದನೆ ಬೆನ್ನುಹುರಿಯವರೆಗೆ ಹೋಗಿ ಮರಳಿ ಸ್ನಾಯುವಿಗೆ ಬರುವ ಪ್ರತಿಕ್ರಿಯೆ) ತಡವಾಗಿ ಬರುವುದು ರೋಗದಿಂದಲ್ಲ, ಅದು ಸಾಗಬೇಕಾದ ದಾರಿಯೇ ಉದ್ದ. ಬೇರೆಲ್ಲೋ ತಯಾರಾದ ಕೋಷ್ಟಕಕ್ಕೆ ನಿಮ್ಮ ರೋಗಿಯನ್ನು ಹೋಲಿಸುವ ಮುನ್ನ ಅದರಲ್ಲಿ ಎಂಥವರನ್ನು, ಹೇಗೆ ಅಳೆದಿದ್ದರು ಎಂದು ನೋಡುವ ಅಭ್ಯಾಸ ಈ ಕೆಲಸದಲ್ಲೇ ಬರುತ್ತದೆ.

ಸೀಟು ಆರಿಸಿಕೊಳ್ಳುವವರು ವಿಭಾಗದಲ್ಲಿ ಎಷ್ಟು ಯಂತ್ರ ಇದೆ ಎಂದು ವಿಚಾರಿಸುತ್ತಾರೆ. ಅದಕ್ಕಿಂತ, ಈಗ ಓದುತ್ತಿರುವವರನ್ನು ಪಕ್ಕಕ್ಕೆ ಕರೆದು ಕೇಳಿ: ಎಲೆಕ್ಟ್ರೋಡ್ ನೀವೇ ಹಾಕುತ್ತೀರಾ, ಸೂಜಿ ನಿಮ್ಮ ಕೈಗೆ ಕೊಡುತ್ತಾರಾ, ನೀವು ಬರೆದ ರಿಪೋರ್ಟನ್ನು ಯಾರಾದರೂ ಪಕ್ಕದಲ್ಲಿ ಕೂತು ತಿದ್ದುತ್ತಾರಾ?