ಹಿತವಾದ ಚಳಿಯಲ್ಲಿ ಬೋನ್ಸಾಯ್: ಈ ಸಲದ ಚಳಿಗಾಲದ ದಾಖಲೆ

ನವೆಂಬರ್ ಕೊನೆ

ಕುಂಡದಲ್ಲಿ ಪುಟ್ಟದಾಗಿ ಬೆಳೆಸಿರುವ ನನ್ನ ಬೋನ್ಸಾಯ್ ಮರಗಳಲ್ಲಿ ಟ್ರೈಡೆಂಟ್ ಮೇಪಲ್ ಎಲೆ ಉದುರಿಸಲು ಶುರು ಮಾಡಿದೆ. ಚೈನೀಸ್ ಎಲ್ಮ್‌ನಲ್ಲಿ ಅರ್ಧ ಎಲೆ ಹಳದಿ, ಅರ್ಧ ಇನ್ನೂ ಹಸಿರು. ಚಳಿ ಹದವಾಗಿರುವ ಕಡೆ ಎಲ್ಮ್ ಹೀಗೇ. ಚಳಿ ಸಾಕಷ್ಟು ಬಿದ್ದರೆ ಪೂರ್ತಿ ಬೋಳಾಗುತ್ತದೆ, ಇಲ್ಲದಿದ್ದರೆ ಹಳೇ ಎಲೆಗಳನ್ನೇ ಹಿಡಿದುಕೊಂಡು ವಸಂತದವರೆಗೆ ಇರುತ್ತದೆ. ಎರಡೂ ಸರಿಯೇ, ಗಾಬರಿಯಾಗಬೇಕಿಲ್ಲ.

ಚಳಿಗಾಲದ ಆರೈಕೆ ಅಂದ ಕೂಡಲೇ ಎಲ್ಲರೂ ಮರವನ್ನು ಬೆಚ್ಚಗಿಡುವ ಮಾತಾಡುತ್ತಾರೆ. ನೀರು ಹೆಪ್ಪುಗಟ್ಟುವುದೇ ಅಪರೂಪವಾಗಿರುವ ಜಾಗದಲ್ಲಿ ನನ್ನ ಕೆಲಸ ಇದಕ್ಕೆ ಉಲ್ಟಾ. ಎಲೆ ಉದುರಿಸುವ ಮರಗಳನ್ನು ಆದಷ್ಟು ತಣ್ಣಗೆ ಇಡಬೇಕು, ಬೆಳವಣಿಗೆ ನಿಲ್ಲಿಸಿ ಸುಮ್ಮನಿರುವ ಅವುಗಳ ಚಳಿಗಾಲದ ನಿದ್ದೆ ಕೆಡದಂತೆ ನೋಡಿಕೊಳ್ಳಬೇಕು. ಅವುಗಳ ಮೊಗ್ಗಿಗೆ ಇಷ್ಟು ಅಂತ ಚಳಿ ಬೇಕೇ ಬೇಕು. ಹಣ್ಣಿನ ತೋಟದವರು ಸುಮಾರು 0ಯಿಂದ 7 ಡಿಗ್ರಿ ಸೆಲ್ಸಿಯಸ್ ನಡುವೆ ಕಳೆದ ಗಂಟೆಗಳನ್ನು ಕೂಡಿಸಿ ಲೆಕ್ಕ ಇಡುತ್ತಾರಲ್ಲ, ಅದೇ ಲೆಕ್ಕ ಇಲ್ಲೂ. ಅಷ್ಟು ಚಳಿ ಸಿಗದಿದ್ದರೆ ವಸಂತದಲ್ಲಿ ಒಂದು ಕೊಂಬೆ ಬೇಗ ಚಿಗುರುತ್ತದೆ, ಇನ್ನೊಂದು ತಡವಾಗಿ. ಕೆಲವು ಮೊಗ್ಗು ಒಡೆಯುವುದೇ ಇಲ್ಲ.

ಹಾಗಾಗಿ ಮೇಪಲ್ ಮತ್ತು ಎಲ್ಮ್ ಎರಡನ್ನೂ ಬಿಸಿಲು ಬೀಳದ ಗೋಡೆಯ ಪಕ್ಕಕ್ಕೆ ಸಾಗಿಸಿದ್ದೇನೆ. ಎಲೆ ಇಲ್ಲದ ಮೇಲೆ ಅವಕ್ಕೆ ಬಿಸಿಲಿನ ಅಗತ್ಯ ತೀರಾ ಕಡಿಮೆ. ಜುನಿಪರ್ ಮಾತ್ರ ಬಿಸಿಲಲ್ಲೇ ಇದೆ. ಅದು ನಿತ್ಯ ಹಸಿರು, ಬೆಚ್ಚಗಿನ ಮಧ್ಯಾಹ್ನಗಳಲ್ಲಿ ಅಷ್ಟಿಷ್ಟು ಆಹಾರ ಮಾಡಿಕೊಳ್ಳುತ್ತದೆ. ಫೈಕಸ್ ಬೆಚ್ಚಗಿನ ನಾಡಿನ ಮರ. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುವ ಸೂಚನೆ ಕಂಡ ಕೂಡಲೇ ಅದನ್ನು ಒಳಗೆ, ಕಿಟಕಿ ಪಕ್ಕಕ್ಕೆ ತಂದೆ. ಅದಕ್ಕೆ ಈ ನಿದ್ದೆಯ ನಿಯಮ ಅನ್ವಯಿಸುವುದಿಲ್ಲ.

ಸಾರಜನಕ ಜಾಸ್ತಿ ಇರುವ ಗೊಬ್ಬರ ಕೊಡುವುದನ್ನು ಮೊದಲೇ ನಿಲ್ಲಿಸಿದ್ದೆ. ಈ ಹೊತ್ತಿನಲ್ಲಿ ಬರುವ ಎಳೆ ಚಿಗುರು ಯಾರಿಗೂ ಬೇಡ.

ಡಿಸೆಂಬರ್

ಈ ತಿಂಗಳಿಡೀ ನೀರಿನದೇ ವಿಚಾರ. ಎಲೆ ಉದುರಿದ ಮರ ಕಡಿಮೆ ಕುಡಿಯುತ್ತದೆ, ನಿಜ. ಆದರೆ ಕಡಿಮೆ ಅಂದರೆ ಒಣಗಿಸುವುದು ಅಲ್ಲ. ಬೇರು ಸಣ್ಣ ಕುಂಡದಲ್ಲಿ ಸಿಕ್ಕಿಕೊಂಡಿರುತ್ತದೆ, ಒಣ ಗಾಳಿ ಬೀಸಿದರೆ ಮಣ್ಣು ಮೇಲಿನಿಂದ ಬೇಗ ಆರುತ್ತದೆ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡುತ್ತೇನೆ. ಅಲ್ಲಿ ಹಸಿ ಇದ್ದರೆ ಅವತ್ತು ಬಿಡುತ್ತೇನೆ. ಒಣಗುತ್ತಾ ಬಂದಿದ್ದರೆ ಕುಂಡದ ತೂತಿನಿಂದ ಹರಿದು ಬರುವಷ್ಟು ಹಾಕುತ್ತೇನೆ. ಬೆಳಿಗ್ಗೆಯೇ ಹಾಕುತ್ತೇನೆ, ರಾತ್ರಿ ಚಳಿ ಬೀಳುವ ಹೊತ್ತಿಗೆ ಹೆಚ್ಚಿನ ನೀರು ಬಸಿದು ಹೋಗಿರಲಿ ಅಂತ. ಎಲ್ಲ ಮರಕ್ಕೂ ಒಂದೇ ದಿನ, ಒಂದೇ ಅಳತೆ ಅನ್ನುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಜುನಿಪರ್ ಮತ್ತು ಮೇಪಲ್ ಒಂದೇ ವೇಗದಲ್ಲಿ ನೀರು ಎಳೆಯುವುದಿಲ್ಲ.

ಮಧ್ಯದಲ್ಲಿ ಸತತ ಮಳೆ ಬಂತು. ಕುಂಡಗಳ ಒಂದು ಬದಿಗೆ ಮರದ ತುಂಡು ಇಟ್ಟು ಓರೆ ಮಾಡಿದೆ. ಬೋನ್ಸಾಯ್ ಕುಂಡದ ಆಳ ಕಡಿಮೆ, ಆದ್ದರಿಂದ ತಳದಲ್ಲಿ ನೀರು ನಿಲ್ಲುತ್ತದೆ. ಓರೆ ಮಾಡಿದರೆ ಅದು ಒಂದು ಮೂಲೆಗೆ ಸೇರಿ ಸುಲಭವಾಗಿ ಬಸಿಯುತ್ತದೆ. ಬೇರು ಕೊಳೆಯುವುದನ್ನು ತಪ್ಪಿಸಲು ಇಷ್ಟು ಸರಳವಾದ ಉಪಾಯ ನನಗೆ ಬೇರೆ ಗೊತ್ತಿಲ್ಲ.

ಜುನಿಪರ್‌ನ ಹೊರಗಿನ ಎಲೆಗಳು ಕಂದು ನೇರಳೆಗೆ ತಿರುಗಿವೆ. ಇದು ರೋಗ ಅಲ್ಲ. ಚಳಿಯಲ್ಲಿ ಬಿಸಿಲಿನಿಂದ ತನ್ನನ್ನು ಕಾಯ್ದುಕೊಳ್ಳಲು ಮರವೇ ಈ ಬಣ್ಣ ಮಾಡಿಕೊಳ್ಳುತ್ತದೆ, ವಸಂತದಲ್ಲಿ ಮತ್ತೆ ಹಸಿರಾಗುತ್ತದೆ. ಬಣ್ಣ ಮಂಕಾಗಿ, ಎಲೆ ಮೇಲೆ ಚುಕ್ಕೆ ಚುಕ್ಕೆ ಕಂಡರೆ ಮಾತ್ರ ಕೊಂಬೆಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಬೇಕು. ಬಿದ್ದ ಧೂಳಿನ ಕಣಗಳು ಓಡಾಡಿದರೆ ಅವು ನುಸಿ. ಈ ಸಲ ಏನೂ ಓಡಲಿಲ್ಲ.

ಜನವರಿ

ಇಡೀ ಮರ ಕಣ್ಣಿಗೆ ಸಿಗುವುದು ಈ ತಿಂಗಳಲ್ಲೇ. ಎಲೆ ತುಂಬಿದ ಮೇಪಲ್ ಚಂದ, ಆದರೆ ಅದರ ಅಸಲಿ ಆಕಾರ ಎಲೆ ಹಿಂದೆ ಅಡಗಿರುತ್ತದೆ. ಈಗ ನೋಡಿದರೆ ಎಡಗಡೆಯ ಎರಡನೇ ಕೊಂಬೆಯಲ್ಲಿ ಒಂದೇ ಜಾಗದಿಂದ ಮೂರು ರೆಂಬೆ ಹೊರಟಿವೆ. ಹೀಗೇ ಬಿಟ್ಟರೆ ಅಲ್ಲಿ ಗಂಟು ಊದಿಕೊಳ್ಳುತ್ತದೆ. ನಡುವಿನದನ್ನು ತೆಗೆದು ಗಾಯಕ್ಕೆ ಪೇಸ್ಟ್ ಹಚ್ಚಿದೆ. ಮೊಗ್ಗು ಊದಿಕೊಳ್ಳುವ ಹೊತ್ತಿಗೆ ಮೇಪಲ್‌ನಲ್ಲಿ ರಸ ಏರುತ್ತದೆ, ಆಗ ಕತ್ತರಿಸಿದರೆ ಗಾಯ ಸೋರುತ್ತಲೇ ಇರುತ್ತದೆ. ಅದಕ್ಕೇ ಈ ಕೆಲಸ ಈಗಲೇ ಮುಗಿಸಿದೆ. ರೆಂಬೆ ಬಾಗಿಸಿ ಆಕಾರ ಕೊಡಲು ತಂತಿ ಸುತ್ತುವಾಗ ಮಾತ್ರ ತಾಳ್ಮೆ ಬೇಕು, ಚಳಿಯಲ್ಲಿ ರೆಂಬೆಗಳು ಪಟ್ಟನೆ ಮುರಿಯುತ್ತವೆ.

ತಿಂಗಳ ಕೊನೆಗೆ ಹಗಲು ಒಮ್ಮೆಲೇ ಬಿಸಿಯಾಯಿತು. ನನಗೆ ಎಲ್ಲಕ್ಕಿಂತ ಭಯ ಇದರದ್ದೇ. ಬಿಸಿಲು ಬೀಳುವ ಜಾಗದಲ್ಲಿದ್ದಿದ್ದರೆ ಎಲ್ಮ್ ವಸಂತ ಬಂತು ಅಂತ ಚಿಗುರಿಬಿಡುತ್ತಿತ್ತು. ಆಮೇಲೆ ಒಂದೇ ಒಂದು ಮಂಜು ಹೆಪ್ಪುಗಟ್ಟುವ ರಾತ್ರಿ ಬಂದರೂ ಆ ಎಳೆ ಚಿಗುರು ಸುಟ್ಟುಹೋಗುತ್ತದೆ. ಆಗ ಮರ ಕೂಡಿಟ್ಟ ಶಕ್ತಿಯಿಂದಲೇ ಮತ್ತೆ ಚಿಗುರಬೇಕು. ನೆರಳಿನ ಗೋಡೆ ಈ ಸಲ ಕೆಲಸಕ್ಕೆ ಬಂತು. ಎಲ್ಮ್‌ನ ಮೊಗ್ಗು ಬಿಗಿಯಾಗಿಯೇ ಉಳಿಯಿತು.

ಅಂಥ ರಾತ್ರಿ ಬಂದೂ ಬಂತು. ಸಂಜೆಗೆ ಮುಂಚೆ ಮಣ್ಣು ಹಸಿ ಇದೆಯೇ ಅಂತ ನೋಡಿದೆ. ಹಸಿ ಮಣ್ಣು ಒಣ ಮಣ್ಣಿಗಿಂತ ಜಾಸ್ತಿ ಶಾಖ ಹಿಡಿದಿಡುತ್ತದೆ. ಕುಂಡಗಳನ್ನು ಕಟ್ಟೆಯಿಂದ ನೆಲಕ್ಕೆ ಇಳಿಸಿ, ಒಟ್ಟಿಗೆ ಸೇರಿಸಿ, ಮೇಲೆ ಹಳೇ ಬಟ್ಟೆ ಹೊದಿಸಿದೆ. ಚಳಿಯಲ್ಲಿ ಕಾಂಡಕ್ಕಿಂತ ಬೇರು ಸೂಕ್ಷ್ಮ. ನೆಲದಲ್ಲಿ ನೆಟ್ಟ ಮರಕ್ಕೆ ಸುತ್ತಲಿನ ಮಣ್ಣಿನ ಆಸರೆ ಇರುತ್ತದೆ, ಕುಂಡದ ಮರಕ್ಕೆ ಅದಿಲ್ಲ. ಬೆಳಗಾಗುತ್ತಲೇ ಬಟ್ಟೆ ತೆಗೆದೆ, ಇಲ್ಲದಿದ್ದರೆ ಒಳಗೆ ಬಿಸಿ ಕೂಡುತ್ತದೆ.

ಫೆಬ್ರವರಿ ನಡುವೆ

ಎಲ್ಮ್‌ನ ಮೊಗ್ಗು ಈಗ ಊದಿಕೊಂಡಿದೆ, ಇನ್ನೂ ಒಡೆದಿಲ್ಲ. ಕುಂಡ ಬದಲಿಸಲು ಇದೇ ಹದ. ಹೊರಗೆ ತೆಗೆದಾಗ ಬೇರು ಕುಂಡದ ಗೋಡೆಗುಂಟ ಸುತ್ತು ಹಾಕಿತ್ತು. ಕೊಕ್ಕೆಯಿಂದ ನಿಧಾನವಾಗಿ ಬಿಡಿಸಿ, ಮೂರನೇ ಒಂದು ಭಾಗದಷ್ಟು ಕತ್ತರಿಸಿ, ಹೊಸ ಮಣ್ಣಿನಲ್ಲಿ ಕೂರಿಸಿ ತಂತಿಯಿಂದ ಬಿಗಿದೆ. ತುದಿಯ ಬೇರುಗಳು ಬೆಳ್ಳಗೆ, ಗಟ್ಟಿಯಾಗಿದ್ದವು. ಅದನ್ನು ನೋಡಿ ತುಂಬಾ ಖುಷಿಯಾಯಿತು.

ಮೇಪಲ್‌ಗೆ ಈ ವರ್ಷ ಕುಂಡ ಬದಲಿಸುವುದಿಲ್ಲ, ನೀರು ಇನ್ನೂ ಸಲೀಸಾಗಿ ಇಳಿಯುತ್ತಿದೆ. ಜುನಿಪರ್ ಸರದಿ ಇನ್ನು ಸ್ವಲ್ಪ ತಡವಾಗಿ, ಎಲೆಯ ತುದಿ ಹಸಿರಾಗಲು ಶುರುವಾದ ಮೇಲೆ. ಫೈಕಸ್ ರಾತ್ರಿಗಳು ಬೆಚ್ಚಗಾಗುವವರೆಗೆ ಕಿಟಕಿ ಪಕ್ಕದಲ್ಲೇ ಇರಲಿ.