ಭಯ ಆಗಲ್ವಾ ಅಂತ ಕೇಳುವವರಿಗೆ

ನಾನು ವೀಕ್ಷಣಾಲಯದಲ್ಲಿ, ಅಂದರೆ ಅಪರಾಧದ ಆರೋಪ ಇರುವ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಇರಿಸುವ ಕಡೆ, ಕೌನ್ಸೆಲರ್ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ. ಭಯ ಆಗಲ್ವಾ? ಇಲ್ಲಪ್ಪ. ಅಲ್ಲಿನ ಹುಡುಗರ ಮೌನ ಮಾತ್ರ ಸುಸ್ತು ಮಾಡುತ್ತದೆ.

ಎದುರು ಕೂತು "ಹೇಳಪ್ಪಾ, ಏನಾಯ್ತು" ಅಂದರೆ ಹುಡುಗರು ನೆಲ ನೋಡುತ್ತಾರೆ. ಪೊಲೀಸರು, ವಕೀಲರು, ಮನೆಯವರು ಎಲ್ಲರೂ ಅದನ್ನೇ ಕೇಳಿರುತ್ತಾರಲ್ಲ. ಅದಕ್ಕೇ ನಾನು ಸುಮ್ನೆ ಕೇರಂ ಬೋರ್ಡ್ ಎಳೆದುಕೊಳ್ಳುತ್ತೇನೆ. ಕಣ್ಣು ರೆಡ್ ಮೇಲಿದ್ದರೆ ಬಾಯಿ ತಾನಾಗಿಯೇ ಬಿಡುತ್ತದೆ.

ಇವತ್ತು ಒಬ್ಬ ಸ್ಟ್ರೈಕರ್ ಉಜ್ಜುತ್ತಾ ಕೇಳಿದ, "ಮೇಡಂ, ಈ ಕೇಸು ಜೀವನಪೂರ್ತಿ ನನ್ನ ಹೆಸರಲ್ಲೇ ಇರುತ್ತಾ?" ದೊಡ್ಡ ಲಾರಿ ಓಡಿಸಬೇಕು ಅನ್ನೋದು ಅವನ ಆಸೆ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಇದಕ್ಕೆ ಉತ್ತರ ಇದೆ. ತಪ್ಪು ಸಾಬೀತಾದರೂ ಅದರಿಂದ ಮುಂದೆ ಅನರ್ಹತೆ ಬರುವಂತಿಲ್ಲ. ಕಾನೂನು ಹೇಳಿದ ಗಡುವು ಮುಗಿದ ಮೇಲೆ ಕೇಸಿನ ದಾಖಲೆಯನ್ನೂ ನಾಶ ಮಾಡಬೇಕು. 16 ದಾಟಿದವರನ್ನು ಘೋರ ಅಪರಾಧಕ್ಕೆ ದೊಡ್ಡವರಂತೆ ವಿಚಾರಣೆ ಮಾಡಿದರೆ ಮಾತ್ರ ಲೆಕ್ಕ ಬೇರೆ. ಅವನದು ಅಂಥ ಕೇಸಲ್ಲ.

ಹೇಳಿದೆ. ನಂಬಲಿಲ್ಲ. "ಊರಲ್ಲಿ ಜನ ಮರೀತಾರಾ ಮೇಡಂ?" ಅಂದ. ಅದಕ್ಕೆ ಯಾವ ಕಾಯ್ದೆಯೂ ಇಲ್ಲ ನೋಡಿ. ಮಗುವಿನ ಹೆಸರು, ಫೋಟೋ ಹಾಕಬಾರದು ಅಂತ ಕಾನೂನು ಇದ್ದರೂ ವಾಟ್ಸಾಪ್ ಗ್ರೂಪಿನಲ್ಲಿ ಅಷ್ಟರಲ್ಲಾಗಲೇ ಓಡಾಡಿರುತ್ತದೆ. ಫಾರ್ವರ್ಡ್ ಮಾಡುವವರು ನಮ್ಮ ನಿಮ್ಮಂಥವರೇ, ಅಲ್ವಾ?

ಆಟದಲ್ಲಿ ಅವನೇ ಗೆದ್ದ. ನಾಳೆ ಅವನ ಅಮ್ಮ ಬರುತ್ತಾರೆ, ಶಾಲೆಗೆ ಮತ್ತೆ ಸೇರಿಸುವ ಬಗ್ಗೆ ಮಾತಾಡಬೇಕು.